ಹೊಲದ ಜಾಡು, ಹಂಡೆಯ ಜಾಡು

ನಮ್ಮೂರ ಅಗಸಿ ದಾಟಿ ಕಾಗಿಣಾ ಕಡೆ ಹೊರಳಿದರೆ ಎಡಗಡೆ ಒಂದು ಎರೆ ಹೊಲ ಸಿಗುತ್ತದೆ. ಅದಕ್ಕೆ ‘ಎಂಟೆತ್ತಿನ ಹೊಲ’ ಅಂತ ಹೆಸರು. ಈಗ ಅಲ್ಲಿ ತೊಗರಿ ಬಿತ್ತುತ್ತಾರೆ, ಉಳುಮೆಗೆ ಟ್ರ್ಯಾಕ್ಟರ್ ಬರುತ್ತದೆ. ಹೆಸರು ಮಾತ್ರ ಹಾಗೇ ಉಳಿದಿದೆ. ಚಿಕ್ಕವಳಿದ್ದಾಗ ಯಾಕೆ ಹಾಗಂತಾರೆ ಅಂತ ಕೇಳಿದ್ದಕ್ಕೆ ನಮ್ಮ ಆಯಿ, “ನಿಮ್ಮ ಹಿರೇಮುತ್ಯಾ ಎಂಟೆತ್ತು ಕಟ್ಟಿ ಈ ಭೂಮಿ ಒಡದಾನ ಯವ್ವಾ” ಅಂದಿದ್ದಳು.

ನಮ್ಮ ಕಡೆ ಅಜ್ಜನಿಗೆ ಮುತ್ಯಾ ಅಂತಾರೆ. ಹಿರೇಮುತ್ಯಾ ಅಂದರೆ ನಮ್ಮ ಮುತ್ಯಾನ ಮುತ್ಯಾ. ಪಾಳು ಬಿದ್ದ ಊರಿಗೆ ಮೊದಲು ಬಂದು ನೇಗಿಲು ಹೂಡಿದವನು. ಮನೆಯಲ್ಲಿ ಎಲ್ಲರಿಗೂ ಅವನ ಬಗ್ಗೆ ಅಭಿಮಾನ. ಆದರೆ ಎಲ್ಲಿಂದ ಬಂದ, ಯಾವಾಗ ಬಂದ, ಜೊತೆಗೆ ಯಾರಿದ್ದರು ಅಂತ ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು. ನಾನು ಚಿತ್ತಾಪುರ ತಾಲ್ಲೂಕಿನ ಶಾಲೆಯೊಂದರಲ್ಲಿ ಗಣಿತ ಹೇಳುತ್ತಿದ್ದೆ. 2019ರಲ್ಲಿ ನಿವೃತ್ತಿ ಆದ ಮೇಲೆ ನಾಲ್ಕು ವರ್ಷ ಇದೇ ಕೆಲಸ ಮಾಡಿದೆ. ಕಲಬುರಗಿ, ಬೀದರ, ಯಾದಗಿರಿ ಕಡೆಯವರು ತಮ್ಮ ಮನೆತನದ ಇಂಥ ಹಿರಿಯರನ್ನು ಹುಡುಕಬೇಕು ಅಂದುಕೊಂಡರೆ ಹೇಗೆ ಹೋಗಬೇಕು ಅನ್ನುವುದನ್ನು ನಾನು ಕಂಡಷ್ಟು ಬರೆಯುತ್ತೇನೆ. ಮನೆಯವರ ಮಾತಿಗೆ ಬೆಲೆ ಕೊಟ್ಟು ಊರಿನ ಹೆಸರು, ಜನರ ಹೆಸರು ಇಲ್ಲಿ ಹಾಕುತ್ತಿಲ್ಲ.

ಮೊದಲನೇ ಮಾತು. ಮನುಷ್ಯರ ಹೆಸರು ಹಿಡಿದು ಹುಡುಕಲು ಹೋಗಬೇಡಿ. ನಮ್ಮಲ್ಲಿ ಮುತ್ಯಾ ತೀರಿಕೊಂಡ ಮೇಲೆ ಹುಟ್ಟಿದ ಮೊಮ್ಮಗನಿಗೆ ಅವನ ಹೆಸರನ್ನೇ ಇಡುತ್ತಾರೆ. ಒಂದು ಮನೆತನದಲ್ಲಿ ಐದು ತಲೆಮಾರು ನೋಡಿದರೆ ಬಸಪ್ಪ, ಶರಣಪ್ಪ, ಮತ್ತೆ ಬಸಪ್ಪ, ಮತ್ತೆ ಶರಣಪ್ಪ. ಅಣ್ಣತಮ್ಮಂದಿರು ಇಬ್ಬರೂ ಮಗನಿಗೆ ಅದೇ ಹೆಸರು ಇಟ್ಟಿದ್ದರಂತೂ ಮುಗಿದೇ ಹೋಯಿತು. ಹೊಲ ಹಾಗಲ್ಲ. ಅದು ಇದ್ದಲ್ಲೇ ಇರುತ್ತದೆ. ಪಾಲಾಗಬಹುದು, ಮಾರಾಟ ಆಗಬಹುದು, ಆದರೆ ಸರ್ವೆ ನಂಬರು ತನ್ನ ಗುರುತು ಬಿಟ್ಟುಕೊಡುವುದಿಲ್ಲ. ಹಾಗಾಗಿ ಹೊಲ ಹಿಡಿಯಿರಿ, ಅದು ಜನರ ಹತ್ತಿರ ಕರೆದುಕೊಂಡು ಹೋಗುತ್ತದೆ.

ಮನೆಯಲ್ಲಿ ಕೇಳುವಾಗ

ಕಚೇರಿಗೆ ಹೋಗುವ ಮುಂಚೆ ಮನೆಯ ಹಿರಿಯರ ಹತ್ತಿರ ಕೂಡಬೇಕು. ಕಾಗದ ಇನ್ನೂ ಹತ್ತು ವರ್ಷ ಕಾಯುತ್ತದೆ, ಹಿರಿಯರು ಕಾಯುವುದಿಲ್ಲ. ನಮ್ಮ ಕಾಕಾ ಒಬ್ಬರ ಹತ್ತಿರ ಮುಂದಿನ ಸಲ ಕೇಳೋಣ ಅಂತ ಬಿಟ್ಟ ಮಾತುಗಳು ಹಾಗೇ ಉಳಿದವು. ಆ ಮುಂದಿನ ಸಲ ಬರಲೇ ಇಲ್ಲ.

ಇಸವಿ ಕೇಳಬೇಡಿ. ಯಾರಿಗೂ ನೆನಪಿರುವುದಿಲ್ಲ, ಸುಮ್ನೆ ಏನೋ ಒಂದು ಹೇಳಿಬಿಡುತ್ತಾರೆ. ಅದರ ಬದಲು ದೊಡ್ಡ ಘಟನೆ ಹಿಡಿದು ಕೇಳಿ. “ರಜಾಕಾರರ ಗದ್ದಲದಾಗ ನೀವು ಎಷ್ಟು ದೊಡ್ಡವರಿದ್ರಿ?” ಅಂತ ಕೇಳಿದರೆ 1948ರ ಗುರುತು ಸಿಗುತ್ತದೆ. ಅದಕ್ಕೂ ಹಿಂದೆ 1918ರ ಜ್ವರ ಇದೆ, ಪ್ಲೇಗು ಇದೆ. “ಪ್ಲೇಗಿನಾಗ ಊರು ಬಿಟ್ಟು ಹೊಲದಾಗ ಗುಡಿಸಲು ಹಾಕಿದಾಗ ನಿಮ್ಮ ಮುತ್ಯಾನ ಮದುವಿ ಆಗಿತ್ತಾ?” ಅಂತ ಕೇಳಿದರೆ ಉತ್ತರ ಥಟ್ಟನೆ ಬರುತ್ತದೆ.

ಸಂವತ್ಸರದ ಹೆಸರು ಬಂದರೆ ಬಂಗಾರ ಸಿಕ್ಕಂತೆ. ನಮ್ಮ ಅತ್ತಿ ಒಬ್ಬರು, “ನಮ್ಮಪ್ಪನ ಅಪ್ಪ ವಿಕಾರಿ ಬರದಾಗ ಹುಟ್ಟಿದ್ದ” ಅಂದರು. ವಿಕಾರಿ ಅಂದರೆ 1899. ಲೆಕ್ಕ ಸುಲಭ. 1867 ಪ್ರಭವ ಸಂವತ್ಸರ, 1927 ಮತ್ತೆ ಪ್ರಭವ. ನಡುವೆ ಪಟ್ಟಿ ನೋಡಿ ಎಣಿಸುತ್ತ ಹೋದರೆ ಆಯಿತು. ಧಾತು ಅಂದರೆ 1876, ಈಶ್ವರ ಅಂದರೆ 1877. ಈ ಎರಡು ಹೆಸರು ನಮ್ಮ ಕಡೆಯ ಹಳೇ ಮನೆತನಗಳಲ್ಲಿ ತುಂಬಾ ಬರುತ್ತವೆ, ಯಾಕೆಂದರೆ ಅದೇ ದೊಡ್ಡ ಬರ. ಕಲ್ಲಿನ ಮೇಲೆ, ಗಂಟೆಯ ಮೇಲೆ ಶಕ ವರ್ಷ ಇದ್ದರೆ ಅದಕ್ಕೆ 78 ಕೂಡಿಸಿ.

ಹೊಲಗಳ ಹೆಸರು ಎಲ್ಲಾ ಬರೆದುಕೊಳ್ಳಿ. ಹುಣಸಿಗಿಡದ ಹೊಲ, ಬಾವಿ ಹೊಲ, ಮಠದ ಹೊಲ, ಹೀಗೆ. ಹೊಲದ ಹೆಸರು ಸುಮ್ಮನೆ ಬಂದಿರುವುದಿಲ್ಲ. ನಮ್ಮ ಎಂಟೆತ್ತಿನ ಹೊಲವನ್ನೇ ನೋಡಿ. ಆಯಿ ಹೇಳಿದ್ದನ್ನು ನಾನು ಬಹಳ ವರ್ಷ ಬರೀ ಹೊಗಳಿಕೆ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು. ವರ್ಷಗಟ್ಟಲೆ ಬೀಳು ಬಿದ್ದ ಎರೆ ಭೂಮಿಯಲ್ಲಿ ಕರಕಿ ಬೇರು ಆಳಕ್ಕೆ ಇಳಿದಿರುತ್ತದೆ. ಒಂದು ಜೋಡಿ ಎತ್ತಿಗೆ ಅದು ಜಗ್ಗುವುದಿಲ್ಲ. ಭಾರೀ ಮರದ ನೇಗಿಲಿಗೆ ಮೂರು, ನಾಲ್ಕು ಜೋಡಿ ಕಟ್ಟಿ ಬೇಸಿಗೆಯಲ್ಲಿ ಹೆಂಟೆ ಎಬ್ಬಿಸಬೇಕಿತ್ತು. ಅಂದರೆ ಆಯಿ ಹೇಳಿದ್ದು ಅಕ್ಷರಶಃ ನಿಜ. ಎಂಟೆತ್ತು ಅಂದರೆ ನಾಲ್ಕು ಜೋಡಿ. ಅಷ್ಟು ಎತ್ತು ಹೊಸದಾಗಿ ಬಂದ ಒಬ್ಬನ ಹತ್ತಿರ ಇರಲು ಸಾಧ್ಯವಾ? ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅದರ ಉತ್ತರ ಮುಂದೆ ಬರುತ್ತದೆ.

ಇನ್ನೊಂದು ಮಾತು, ವಿಶೇಷವಾಗಿ ಹೆಣ್ಣುಮಕ್ಕಳಿಗೆ. ನೀವು ಹೋಗಿ ಹಳೇ ಕಾಗದ ತೋರಿಸಿ ಅಂದ ಕೂಡಲೇ ಮನೆಯವರ ಮುಖ ಬದಲಾಗುತ್ತದೆ. ನಮ್ಮ ದೊಡ್ಡಪ್ಪನ ಮಗ ನೇರವಾಗಿಯೇ ಕೇಳಿದ, “ಅಕ್ಕಾ, ಪಾಲು ಕೇಳ್ಲಾಕ ಬಂದೀ ಏನು?” ನನಗೆ ನೋವಾಯಿತು. ಆದರೆ ಅವನ ಭಯವೂ ಸುಳ್ಳಲ್ಲ, ಹೊಲದ ಜಗಳದಲ್ಲಿ ಎಷ್ಟು ಮನೆ ಒಡೆದಿಲ್ಲ? ಅವತ್ತೇ ನಾನು ಒಂದು ನಿಯಮ ಮಾಡಿಕೊಂಡೆ. ಕಚೇರಿಗೆ ಹೋಗುವಾಗ ಅವನ ಮಗನನ್ನೇ ಜೊತೆಗೆ ಕರೆದುಕೊಂಡು ಹೋದೆ. ಸಿಕ್ಕ ಪ್ರತಿ ಕಾಗದದ ನಕಲು ಅಣ್ಣತಮ್ಮಂದಿರ ಎಲ್ಲಾ ಮನೆಗೂ ಕೊಟ್ಟೆ. ಮೂಲ ಕಾಗದ ಯಾರ ಮನೆಯಲ್ಲಿತ್ತೋ ಅಲ್ಲೇ ಬಿಟ್ಟೆ, ಫೋಟೊ ಮಾತ್ರ ತೆಗೆದುಕೊಂಡೆ. ಒಂದು ವರ್ಷದೊಳಗೆ ಅವರೇ ಫೋನ್ ಮಾಡಿ, “ಅಕ್ಕಾ, ಪೆಟಗಿಯಾಗ ಇನ್ನೊಂದು ಕಾಗದ ಸಿಕ್ಕದ” ಅನ್ನತೊಡಗಿದರು.

ಪಹಣಿಯಿಂದ ಹಿಂದಕ್ಕೆ

ಈಗಿನ ಪಹಣಿ ಮೊಬೈಲಿನಲ್ಲೇ ಸಿಗುತ್ತದೆ. ಅಲ್ಲಿ 42/1ಅ ಅಂತ ಏನೋ ಇರುತ್ತದೆ. ಆ ಗೆರೆಯ ಮುಂದಿನದೆಲ್ಲ ಪಾಲಾದ ಹಿಸ್ಸೆ. ನಿಮಗೆ ಬೇಕಾದದ್ದು ಬರೀ 42. ಅದೇ ಮೂಲ ಸರ್ವೆ ನಂಬರು. ಅದನ್ನು ಹಿಡಿದು ತಹಶೀಲ್ದಾರ ಕಚೇರಿಯ ರೆಕಾರ್ಡ್ ರೂಮಿಗೆ ನಕಲು ಅರ್ಜಿ ಕೊಡಿ. ಮುಟೇಷನ್ ಕಾಗದಗಳಿಂದ ಒಂದೊಂದೇ ಮೆಟ್ಟಿಲು ಇಳಿಯಿರಿ. ಪ್ರತಿ ಮುಟೇಷನ್ನಿನಲ್ಲೂ ಯಾರಿಂದ ಯಾರಿಗೆ, ಯಾಕೆ ಅಂತ ಇರುತ್ತದೆ. ಹಳೆಯದರಲ್ಲಿ ‘ವಿರಾಸತ್’ ಅನ್ನುವ ಮಾತು ಕಂಡರೆ ಅಲ್ಲಿ ಅಪ್ಪ ತೀರಿಕೊಂಡು ಮಗನ ಹೆಸರು ಏರಿದೆ ಅಂತ ಅರ್ಥ. ಒಂದು ವಿರಾಸತ್ ಸಿಕ್ಕರೆ ಒಂದು ತಲೆಮಾರು ಸಿಕ್ಕಂತೆ.

ನಮ್ಮ ಮೂರೂ ಜಿಲ್ಲೆಗಳಿಗೆ 1954-55ರ ಖಾಸರಾ ಪಹಣಿ ದೊಡ್ಡ ಆಧಾರ. ನಾವು ಇನ್ನೂ ಹೈದರಾಬಾದ್ ರಾಜ್ಯದಲ್ಲಿದ್ದಾಗ ಮಾಡಿದ್ದು. ಪಟ್ಟಾದಾರ, ಅಂದರೆ ಕಾಗದದ ಮೇಲಿನ ಒಡೆಯ ಯಾರು, ನಿಜವಾಗಿ ಹೊಲದ ಕಬ್ಜಾದಲ್ಲಿ ಯಾರಿದ್ದಾರೆ ಅಂತ ಎರಡೂ ಬರೆದಿರುತ್ತಾರೆ. ಎರಡೂ ಓದಿ. ಅದಕ್ಕೂ ಹಿಂದಿನದು ಸೇತವಾರ. ನಿಜಾಮರ ರಾಜ್ಯದಲ್ಲಿ ಮುಂಬೈ ಪದ್ಧತಿಯ ಅಳತೆ ಶುರುವಾಗಿದ್ದು 1870ರ ದಶಕದಲ್ಲಿ. ಆ ಅಳತೆ ಮುಗಿದ ಮೇಲೆ ಊರಿನ ಒಂದೊಂದು ನಂಬರಿಗೂ ವಿಸ್ತೀರ್ಣ, ಆಕಾರ (ಅಂದರೆ ಕಂದಾಯ), ಪಟ್ಟಾದಾರನ ಹೆಸರು ಬರೆದ ಪುಸ್ತಕ ಅದು. ನಿಮ್ಮ ಹಿರಿಯರ ಹೆಸರು ಸರಕಾರಿ ಕಾಗದದಲ್ಲಿ ಮೊದಲ ಸಲ ಕಾಣುವುದು ಹೆಚ್ಚಾಗಿ ಇಲ್ಲೇ.

ಸರ್ವೆ ಕಚೇರಿಯಲ್ಲಿ ಹಳೇ ಟಿಪ್ಪಣಿ ಕೇಳುವುದನ್ನು ಮರೆಯಬೇಡಿ. ಅದು ಹೊಲದ ಕೈನಕ್ಷೆ. ಅಳತೆ ಸರಪಳಿ ಮತ್ತು ಆಣೆಯಲ್ಲಿ ಇರುತ್ತದೆ. ಒಂದು ಸರಪಳಿ ಅಂದರೆ 33 ಅಡಿ, ಅದರಲ್ಲಿ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಅಂದರೆ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ನಾನು ಟಿಪ್ಪಣಿ ನಕಲು ಹಿಡಿದುಕೊಂಡು ಹೊಲಕ್ಕೆ ಹೋಗಿ ಹಗ್ಗದಿಂದ ಅಳೆದೆ. ಮೂಲೆಯ ಬಾಂದಕಲ್ಲು ಮೂರು ಸಿಕ್ಕವು. ಮಣ್ಣಲ್ಲಿ ಹೂತಿದ್ದ ಮೂರನೇ ಕಲ್ಲು ಕಂಡಾಗ ಕೈ ನಡುಗಿತು. ಹಿರೇಮುತ್ಯಾ ನಿಂತು ನೋಡುತ್ತಿದ್ದಾಗಲೇ ನೆಟ್ಟ ಕಲ್ಲು ಅದು.

ಕಾಗದ ಇಲ್ಲ ಅಂದರೆ ಒಂದೇ ಸಲಕ್ಕೆ ನಂಬಬೇಡಿ. ಒಂದು ಕಚೇರಿಯಲ್ಲಿ ನಮ್ಮ ಊರಿನ ಹಳೇ ಗಂಟು ಗೆದ್ದಲು ತಿಂದಿದೆ ಅಂದುಬಿಟ್ಟರು. ಆರು ತಿಂಗಳು ನಾನು ಅದನ್ನೇ ನಂಬಿ ಕೂತಿದ್ದೆ. ಆಮೇಲೆ ಬಂದ ಬೇರೆ ಗುಮಾಸ್ತರು ಪಕ್ಕದ ತಾಲ್ಲೂಕಿನ ಗಂಟಿನೊಳಗೆ ಅದನ್ನು ಹುಡುಕಿ ಕೊಟ್ಟರು. ಮೊದಲು ಊರು ಆ ಕಡೆ ಸೇರಿತ್ತು, ಅಷ್ಟೇ. ನಮ್ಮ ಭಾಗದಲ್ಲಿ ಗಡಿಗಳು ಎಷ್ಟು ಸಲ ಬದಲಾಗಿವೆ ಅಂತ ತಿಳಿದುಕೊಳ್ಳದೆ ಹುಡುಕಿದರೆ ದಾರಿ ತಪ್ಪುತ್ತೇವೆ. ಶಹಾಪುರ, ಸುರಪುರದವರು ಲಿಂಗಸುಗೂರನ್ನು ನೆನಪಿಡಬೇಕು. ಅದು ಹಿಂದೆ ಬೇರೆ ಜಿಲ್ಲೆಯೇ ಆಗಿತ್ತು, 1905ರಲ್ಲಿ ರದ್ದಾದಾಗ ಈ ಎರಡು ತಾಲ್ಲೂಕು ಕಲಬುರಗಿಗೆ ಬಂದವು. ಕೊಡಂಗಲ್, ತಾಂಡೂರು ಕಡೆ ಬೇರು ಇರುವವರಿಗೆ ಇನ್ನೊಂದು ತೊಡಕು. ಅವು 1956ರಲ್ಲಿ ಆಂಧ್ರದ ಕಡೆ ಹೋದವು. ಯಾದಗಿರಿ ಜಿಲ್ಲೆ ಆಗಿದ್ದು ಮೊನ್ನೆ ಮೊನ್ನೆ, 2010ರ ಹೊತ್ತಿಗೆ. ಹಾಗಾಗಿ ಅಲ್ಲಿನ ಹಳೇ ಕಾಗದ ಕಲಬುರಗಿಯಲ್ಲೂ ಕೇಳಬೇಕು.

ಊರು ಯಾರ ಕೈಯಲ್ಲಿತ್ತು ಅನ್ನುವುದನ್ನೂ ಮೊದಲೇ ಕೇಳಿ. ನೇರ ಸರಕಾರದ ಊರಾದರೆ ಅದು ದಿವಾನಿ. ನಿಜಾಮರ ಸ್ವಂತದ್ದಾದರೆ ಸರ್ಫೆಖಾಸ್. ಆಳಂದ, ಚಿಟಗುಪ್ಪ ಕಡೆ ಪಾಯಗಾ, ಅಂದರೆ ನಿಜಾಮರ ದೊಡ್ಡ ಸರದಾರ ಮನೆತನದ ಊರು. ಇನ್ನು ಕೆಲವು ಜಾಗೀರು. ಜಾಗೀರುಗಳು 1949ರಲ್ಲಿ ರದ್ದಾದವು. ಅಲ್ಲಿಯವರೆಗೆ ಅಂಥ ಊರುಗಳ ಲೆಕ್ಕ ಜಾಗೀರದಾರರ ಕಡೆ ಇರುತ್ತಿತ್ತು. ಹಾಗಾಗಿ ಸರಕಾರಿ ಪುಸ್ತಕದಲ್ಲಿ ಹೆಸರು ಸಿಗದಿದ್ದರೆ ನಿಮ್ಮ ಹಿರಿಯರು ಇರಲೇ ಇಲ್ಲ ಅಂತಲ್ಲ.

ಓದಲು ಬಾರದ ಕಾಗದ

ನಮ್ಮ ಪೆಟಗಿಯಲ್ಲಿ ಸಿಕ್ಕ ಎಲ್ಲಕ್ಕಿಂತ ಹಳೇ ಕಾಗದ ಪಾರ್ಸಿಯಲ್ಲಿತ್ತು. ಹೈದರಾಬಾದ್ ರಾಜ್ಯದಲ್ಲಿ ಕಚೇರಿ ಭಾಷೆ ಪಾರ್ಸಿಯಿಂದ ಉರ್ದುಗೆ ಬದಲಾಗಿದ್ದು 1884ರ ಸುಮಾರಿಗೆ. ಅದಕ್ಕೂ ಹಿಂದಿನ ಕಾಗದ ಪಾರ್ಸಿ, ಆಮೇಲಿನದು ಉರ್ದು, ಬೀದರ, ಆಳಂದ ಕಡೆ ಮೋಡಿ ಅಕ್ಷರದ ಮರಾಠಿ ಕೂಡ ಸಿಗುತ್ತದೆ. ಹೆದರಬೇಡಿ. ಕಲಬುರಗಿ, ಬೀದರದಲ್ಲಿ ಉರ್ದು ಶಾಲೆಯಿಂದ ನಿವೃತ್ತರಾದ ಮೇಷ್ಟ್ರುಗಳು ಇದ್ದಾರೆ. ನನಗೆ ಓದಿ ಹೇಳಿದವರು ಅಂಥ ಒಬ್ಬ ಹಿರಿಯರು, ಬಂದೇನವಾಜ ದರ್ಗಾದ ಕಡೆ ಇರುವವರು. ದುಡ್ಡು ಮುಟ್ಟಲಿಲ್ಲ. “ನಿಮ್ಮ ಹಿರಿಯರ ಕಾಗದ ಓದೋದು ಅಂದ್ರ ನನಗೂ ಪುಣ್ಯದ ಕೆಲಸ ಬೆಹನ್” ಅಂದರು. ಮೂರು ಸಂಜೆ ಭೂತಗನ್ನಡಿ ಹಿಡಿದು ಕೂತರು.

ನಾನು ದೊಡ್ಡ ತಪ್ಪು ಮಾಡಿದ್ದು ಇಲ್ಲೇ. ಉರ್ದು ಅಂಕಿ ಕಲಿತುಕೊಂಡಿದ್ದೆ, ಕಾಗದದಲ್ಲಿ 1293 ಅಂತ ಇದ್ದದ್ದು ಓದಿದೆ. ನಮ್ಮ ಕಡೆ ಹೊಲದ ಕಾಗದ ಅಂದರೆ ಫಸಲಿ ವರ್ಷ, ಕಂದಾಯದ ಲೆಕ್ಕದ ವರ್ಷ. ಫಸಲಿಗೆ 590 ಕೂಡಿಸಬೇಕು, ಬೇಸಿಗೆ ತಿಂಗಳಾದರೆ 591. ಹಾಗಾಗಿ 1883 ಅಂತ ಬರೆದುಕೊಂಡೆ. ಮನೆಯ ಕಥೆಗೂ ಅದು ಸರಿ ಹೊಂದಿತು. ದೊಡ್ಡ ಬರ ಮುಗಿದ ಮೇಲೆ ಊರು ಖಾಲಿ ಆಗಿತ್ತು, ಭೂಮಿ ಅಗ್ಗಕ್ಕೆ ಸಿಕ್ಕಿತು, ಆಗ ಹಿರೇಮುತ್ಯಾ ಬಂದ ಅಂತ ಎಲ್ಲರೂ ಹೇಳುತ್ತಿದ್ದರು. ಎರಡು ವರ್ಷ ನಾನೂ ಹಾಗೇ ನಂಬಿದೆ.

ಮೇಷ್ಟ್ರು ಅಂಕಿಯ ಎಡಗಡೆ ಬೆರಳಿಟ್ಟರು. ಅಲ್ಲಿ ಚಿಕ್ಕದೊಂದು ಅಕ್ಷರ ಇತ್ತು. ‘ಫೆ’ ಇದ್ದರೆ ಫಸಲಿ. ಎರಡು ಕಣ್ಣಿನ ‘ಹೇ’ ಇದ್ದರೆ ಹಿಜರಿ. ನಮ್ಮದರಲ್ಲಿ ಇದ್ದದ್ದು ಎರಡು ಕಣ್ಣಿನ ಹೇ. ಹಿಜರಿ 1293 ಅಂದರೆ 1876. ಧಾತು ಸಂವತ್ಸರ.

ಅವನು ಬರ ಮುಗಿದ ಮೇಲೆ ಬಂದವನಲ್ಲ. ಬರದ ಬಾಯಿಗೇ ಬಂದವನು. ಭೂಮಿ ಹಿಡಿದ ವರ್ಷವೇ ಮಳೆ ಕೈಕೊಟ್ಟಿತು. ಒಂದು ಅಕ್ಷರ ತಪ್ಪಿದ್ದಕ್ಕೆ ಒಬ್ಬ ಮನುಷ್ಯನ ಇಡೀ ಬದುಕೇ ಬೇರೆ ಆಗಿ ಕಂಡಿತ್ತು ನನಗೆ. ದಯವಿಟ್ಟು ಈ ಅಕ್ಷರ ನೋಡದೆ ಇಸವಿ ಬರೆಯಬೇಡಿ. ಹಿಜರಿಯಿಂದ ಲೆಕ್ಕ ಹಾಕುವುದಕ್ಕೆ 0.97ರಿಂದ ಗುಣಿಸಿ 622 ಕೂಡಿಸಿ, ಹೆಚ್ಚು ಕಡಿಮೆ ಸರಿ ಬರುತ್ತದೆ. ಮುದ್ರೆಯ ಒಳಗಿನ ವರ್ಷವನ್ನಂತೂ ಕಾಗದದ ವರ್ಷ ಅಂದುಕೊಳ್ಳಲೇಬೇಡಿ. ಅದು ಆ ಅಧಿಕಾರಿಯ ಮುದ್ರೆ ಕೊರೆಸಿದ ವರ್ಷ.

ಫಸಲಿ ಕಾಗದದಲ್ಲಿ ತಿಂಗಳ ಹೆಸರು ಅಜುರ್, ದೈ, ಬಹಮನ್, ಇಸ್ಫಂದಾರ್ ಅಂತ ಬರುತ್ತವೆ. ಅಜುರ್ ಅಕ್ಟೋಬರಿನಲ್ಲಿ ಶುರು. ದುಡ್ಡಿನ ಮೊತ್ತ ಅಂಕಿಯಲ್ಲಿ ಇರದೆ ಗೀಚಿದ ಹಾಗೆ ಕಂಡರೆ ಅದು ರಕಮು ಬರಹ, ಲೆಕ್ಕದವರ ಗುರುತು. ಅದನ್ನು ಓದಬಲ್ಲವರು ಕಡಿಮೆ, ಓದುವವರನ್ನು ಮೊದಲೇ ಕೇಳಿಕೊಳ್ಳಿ. ರೂಪಾಯಿ ಅಂದರೂ ಅದು ನಿಜಾಮರ ಹಾಲಿ ಸಿಕ್ಕಾನೋ ಇಂಗ್ಲಿಷರ ಕಲ್ದಾರೋ ನೋಡಬೇಕು. ಎರಡಕ್ಕೂ ಬೆಲೆ ಒಂದೇ ಅಲ್ಲ. ಆಮೇಲಿನ ಕಾಲದಲ್ಲಿ ಸುಮಾರು 7 ಹಾಲಿಗೆ 6 ಕಲ್ದಾರ್ ಬರುತ್ತಿತ್ತು.

ನಮ್ಮ ಕಾಗದ ಕೌಲುನಾಮೆ, ಅಂದರೆ ಭೂಮಿಯ ಕರಾರು ಪತ್ರ. ಅದರಲ್ಲಿ ಊರಿನ ಹೆಸರಿನ ಮುಂದೆ ‘ಬೇಚಿರಾಗ್’ ಅಂತ ಇತ್ತು. ದೀಪ ಇಲ್ಲದ್ದು ಅಂತ ಅರ್ಥ. ಜನ ಬಿಟ್ಟು ಹೋದ ಊರಿಗೆ ಕಂದಾಯದ ಪುಸ್ತಕಗಳಲ್ಲಿ ಅದೇ ಹೆಸರು. ಅಂಥ ಊರಲ್ಲಿ ಬೀಳು ಭೂಮಿ ಒಡೆಯಲು ಒಪ್ಪಿಕೊಂಡವನಿಗೆ ಕೌಲು ಕೊಡುತ್ತಿದ್ದರು. ಮೊದಲ ಎರಡು ವರ್ಷ ಮಾಫಿ, ಆಮೇಲೆ ವರ್ಷ ವರ್ಷ ಸ್ವಲ್ಪ ಏರಿಸಿ ಏಳನೇ ವರ್ಷಕ್ಕೆ ಪೂರ್ತಿ ಕಂದಾಯ ಅಂತ ನಮ್ಮದರಲ್ಲಿ ಇದೆ. ಅವನು ಆ ಊರನ್ನೇ ಯಾಕೆ ಆರಿಸಿಕೊಂಡ? ವಾಡಿಯಿಂದ ಚಿತ್ತಾಪುರ, ಸೇಡಂ ಮೇಲೆ ಸಿಕಂದರಾಬಾದಿಗೆ ರೈಲು ಬಂದಿದ್ದು 1874ರಲ್ಲಿ. ಅದಾಗಿ ಎರಡೇ ವರ್ಷಕ್ಕೆ ಈ ಕೌಲು. ಬೆಳೆದದ್ದು ಮಾರುವುದಕ್ಕೆ ಸ್ಟೇಷನ್ ಹತ್ತಿರ ಆಯಿತು ಅನ್ನುವ ಲೆಕ್ಕ ಇತ್ತು ಅಂತ ನನ್ನ ಊಹೆ. ಊಹೆ ಅಂತಲೇ ಬರೆದಿಟ್ಟಿದ್ದೇನೆ.

ಇದಕ್ಕಾಗಿ ಒಂದು ಪದ್ಧತಿ ಮಾಡಿಕೊಳ್ಳಿ. ನಾನು ಮೂರು ಬಣ್ಣದ ಪೆನ್ನು ಬಳಸಿದೆ. ಕಾಗದದಲ್ಲಿ ಓದಿದ್ದು ಕಪ್ಪು, ಬಾಯಿಂದ ಕೇಳಿದ್ದು ನೀಲಿ, ನನ್ನ ಊಹೆ ಕೆಂಪು. ಕೇಳಿದ್ದರ ಪಕ್ಕ ಯಾರು, ಯಾವ ದಿನ ಹೇಳಿದರು ಅಂತ ಬರೆಯಿರಿ. ಇದು ಬೇಸರದ ಕೆಲಸ, ಆದರೆ ಮೂರು ವರ್ಷ ಆದ ಮೇಲೆ ಯಾವುದು ಕಾಗದ, ಯಾವುದು ನಮ್ಮ ಆಸೆ ಅಂತ ನಮಗೇ ನೆನಪಿರುವುದಿಲ್ಲ.

ಜೊತೆಗೆ ಬಂದವರು

ಎಂಟೆತ್ತಿನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಹೆಳವರಿಂದ. ಸುಗ್ಗಿ ಆದ ಮೇಲೆ ಎತ್ತಿನ ಮೇಲೆ ಬಂದು, ಗಂಟೆ ಬಾರಿಸಿ, ಮನೆತನದ ಹಿರಿಯರ ಹೆಸರು ಒಂದೇ ಉಸಿರಿಗೆ ಹೇಳುವ ಹೆಳವರನ್ನು ನೀವು ನೋಡಿರಬಹುದು. ನಮ್ಮ ಭಾಗದಲ್ಲಿ ಇವರಿಗಿಂತ ದೊಡ್ಡ ಆಧಾರ ಇಲ್ಲ. ಅವರ ಹತ್ತಿರ ವಂಶಾವಳಿ ಬರೆದ ಹೊತ್ತಿಗೆ ಇರುತ್ತದೆ. ಕೆಲವು ವರ್ಷಕ್ಕೊಮ್ಮೆ ಬರುತ್ತಾರೆ, ಹೊಸದಾಗಿ ಹುಟ್ಟಿದವರನ್ನು ಬರೆದುಕೊಳ್ಳುತ್ತಾರೆ, ಜೋಳ, ಬಟ್ಟೆ, ದುಡ್ಡು ಪಡೆದು ಹೋಗುತ್ತಾರೆ. ಅವರು ಬಂದಾಗ ಬಾಗಿಲಲ್ಲೇ ಕಳಿಸಬೇಡಿ. ಕೂಡಿಸಿ, ಊಟ ಹಾಕಿ, ಪೂರ್ತಿ ಹೇಳಿಸಿ. ಅವರ ಒಪ್ಪಿಗೆ ಪಡೆದು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಮೂಲ ಊರು ಯಾವುದು, ಬೆಡಗು (ಕುಲದ ಕವಲು) ಯಾವುದು, ಯಾವ ಅಣ್ಣ ಎಲ್ಲಿಗೆ ಹೋದ ಅಂತ ಬಿಡಿಸಿ ಕೇಳಿ. ಆದರೆ ಹೊತ್ತಿಗೆಯನ್ನು ಹೊಸದಾಗಿ ನಕಲು ಮಾಡುವಾಗ ತಪ್ಪು ಆಗಿರಬಹುದು. ದಾನ ಕೊಡುವುದು ನಿಲ್ಲಿಸಿದ ಮನೆಯ ಕವಲು ಅಲ್ಲಿಗೇ ನಿಂತಿರುತ್ತದೆ. ಸೇತವಾರದ ಜೊತೆ ಇಟ್ಟು ನೋಡಬೇಕು.

ನಮ್ಮ ಮನೆತನದ ಹೆಳವ ಹೇಳಿದ್ದು ಹೀಗೆ. ಹಿರೇಮುತ್ಯಾ ಒಬ್ಬನೇ ಬರಲಿಲ್ಲ. ಅವನದೂ ಸೇರಿ ಎರಡು ಮನೆ ಒಕ್ಕಲಿನವರು, ಒಂದು ಬಡಿಗೇರ ಮನೆ, ಒಂದು ಹೊಲೆಯರ ಮನೆ ಕೂಡಿ ಬಂದವು. ಎಂಟೆತ್ತು ಮೂರು ಮನೆಯವು. ನೇಗಿಲು ಬಡಿಗೇರರದು. ನೇಗಿಲ ಹಿಂದೆ ನಿಂತು ಹೆಂಟೆ ಒಡೆದವರು, ಕರಕಿ ಬೇರು ಆರಿಸಿದವರು, ಬಾವಿ ತೋಡಿದವರು ಆ ನಾಲ್ಕನೇ ಮನೆಯವರು. ನಮ್ಮ ಮನೆಯಲ್ಲಿ ಈ ಮಾತು ಯಾರೂ ಹೇಳಿರಲಿಲ್ಲ. ನೂರು ವರ್ಷ ಒಬ್ಬನ ಹೆಸರಿಗೇ ಎಲ್ಲಾ ಸೇರಿಬಿಟ್ಟಿತ್ತು. ನನಗೆ ಇದು ಬಹಳ ಹೊತ್ತು ಮನಸ್ಸಿಗೆ ಚುಚ್ಚಿತು.

ನಿಮ್ಮ ಹಿರಿಯರಿಗೆ ಸ್ವಂತ ಪಟ್ಟಾ ಇರಲಿಲ್ಲ ಅಂದರೆ ಹುಡುಕುವ ಜಾಗ ಬೇರೆ. ಪಟ್ಟಾದಾರನ ಕಾಲಂ ಬಿಟ್ಟು ಇನಾಮು ಭೂಮಿಯ ಪಟ್ಟಿ ನೋಡಿ. ತಳವಾರರು, ನೀರು ಬಿಡುವ ನೀರಡಿಗಳು, ಊರ ಕಾವಲಿನ ಸೇತಸಿಂಧಿಗಳು, ಊರ ಆಯಗಾರರು ಮಾಡಿದ ಕೆಲಸಕ್ಕೆ ಕೊಟ್ಟ ಭೂಮಿ ಅಲ್ಲಿ ದಾಖಲಾಗಿರುತ್ತದೆ. ಖಾಸರಾ ಪಹಣಿಯ ಕಬ್ಜಾ ಕಾಲಮ್ಮಿನಲ್ಲೂ ಹೆಸರು ಸಿಗಬಹುದು. ನಮ್ಮೂರ ಆ ನಾಲ್ಕನೇ ಮನೆಯವರ ಹೆಸರು ನನಗೆ ಸಿಕ್ಕಿದ್ದು ಅಲ್ಲೇ. ಆ ಮನೆಯ ಮೊಮ್ಮಗ ಈಗ ಕಲಬುರಗಿಯಲ್ಲಿ ಮೇಷ್ಟ್ರು. ಅವರ ಹತ್ತಿರವೂ ಕೂತು ಬರೆದುಕೊಂಡೆ. ನಮ್ಮ ಮನೆ ಪುಸ್ತಕದ ಮೊದಲ ಪುಟದಲ್ಲಿ ಈಗ ನಾಲ್ಕು ಮನೆಯ ಹೆಸರಿವೆ. ಮನೆಯ ಒಬ್ಬಿಬ್ಬರಿಗೆ ಇಷ್ಟ ಆಗಲಿಲ್ಲ. ನಾನು ತೆಗೆಯಲಿಲ್ಲ.

ಬರದಲ್ಲಿ ಹೇಗೆ ಉಳಿದರು ಅನ್ನುವುದೂ ಆ ನಾಲ್ಕನೇ ಮನೆಯಲ್ಲೇ ಗೊತ್ತಾಯಿತು. ಬರುವಾಗ ಮೂಲ ಊರಿನ ಹಗೇವಿನಿಂದ, ಅಂದರೆ ಕಾಳು ತುಂಬಿಡುವ ನೆಲದೊಳಗಿನ ಗುಂಡಿಯಿಂದ, ಜೋಳ ತುಂಬಿಕೊಂಡು ಬಂದಿದ್ದರು. ಮೊದಲು ಮಾಡಿದ ಕೆಲಸ ಮನೆ ಕಟ್ಟುವುದಲ್ಲ, ಹಗೇವು ತೋಡುವುದು. ಆ ಹಗೇವಿನ ಬಾಯಿ ಈಗಲೂ ಇದೆ, ಮೇಲೆ ಶಹಾಬಾದ ಫರಸಿ ಮುಚ್ಚಿದ್ದಾರೆ. ಊರಿಗೆ ಹೋದರೆ ಇಂಥದ್ದನ್ನು ಕಣ್ಣಾರೆ ನೋಡಿ. ಹಳೇ ಬಾವಿ, ಹುಡೇವು (ಊರಿನ ಕಾವಲು ಬುರುಜು), ಹೊಲದಲ್ಲಿನ ಸಮಾಧಿ ಕಟ್ಟೆ. ಸಂಜೆ ಬಿಸಿಲು ಅಡ್ಡ ಬೀಳುವಾಗ ಕಲ್ಲಿನ ಮೇಲಿನ ಸವೆದ ಅಕ್ಷರ ಕಾಣುತ್ತವೆ, ಮಧ್ಯಾಹ್ನ ಕಾಣುವುದಿಲ್ಲ.

ಹೈದರಾಬಾದಿನ ತಾರ್ನಾಕದಲ್ಲಿರುವ ರಾಜ್ಯ ಪತ್ರಾಗಾರದಲ್ಲಿ ನಿಜಾಮರ ಕಾಲದ ಕಡತಗಳಿವೆ. ಅಲ್ಲಿಗೆ ಕೊನೆಗೆ ಹೋಗಿ. ಊರು, ಆಗಿನ ತಾಲ್ಲೂಕು, ಜಿಲ್ಲೆ, ಫಸಲಿ ವರ್ಷ ನಾಲ್ಕೂ ಕೈಯಲ್ಲಿದ್ದರೆ ಮಾತ್ರ ಉಪಯೋಗ.

ಅವಳ ಹೆಸರು

ಇಷ್ಟೆಲ್ಲಾ ಆದರೂ ಹಿರೇಮುತ್ಯಾನ ಹೆಂಡತಿಯ ಹೆಸರು ಎಲ್ಲೂ ಇರಲಿಲ್ಲ. ಕೌಲಿನಲ್ಲಿ ಇಲ್ಲ, ಸೇತವಾರದಲ್ಲಿ ಇಲ್ಲ, ನಮ್ಮ ಮನೆತನದ ಹೊತ್ತಿಗೆಯ ಪುಟದಲ್ಲಿ ಕೂಡ ಇಲ್ಲ. ಧಾತು ಬರದಲ್ಲಿ ಮಕ್ಕಳನ್ನು ಉಳಿಸಿಕೊಂಡವಳು ಅವಳು.

ಒಂದು ಎಳೆ ಮಾತ್ರ ಇತ್ತು. ನಮ್ಮ ಆಯಿ ಬೀಸುವಾಗ ಹಾಡುತ್ತಿದ್ದ ಪದವೊಂದರಲ್ಲಿ ಬೋನಾಳ ಕೆರೆ ಬರುತ್ತಿತ್ತು. ಬೋನಾಳ ಇರುವುದು ಸುರಪುರದ ಹತ್ತಿರ. ನಾಯಕರ ಕಾಲದ ಕೆರೆ, ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರ್ ಸಾಹೇಬರು ಸುರಪುರದಲ್ಲಿದ್ದಾಗ ಇನ್ನೂ ದೊಡ್ಡದಾಯಿತು. ಕಾಗಿಣಾ ದಂಡೆಯ ಮನೆಯಲ್ಲಿ ಆ ಕೆರೆಯ ಪದ ಯಾಕೆ ಬಂತು? ಪದ ಅತ್ತೆಯಿಂದ ಸೊಸೆಗೆ ಬರುತ್ತದೆ. ಹಾಡಿದ ಮೊದಲ ಹೆಣ್ಣುಮಗಳ ತವರು ಆ ಕಡೆ ಇರಬೇಕು ಅಂತ ಕೆಂಪು ಪೆನ್ನಿನಲ್ಲಿ ಬರೆದೆ. ಹಾಗಾದರೆ ಅವಳು ಹುಡುಗಿ ಇದ್ದಾಗಲೇ ಸುರಪುರದ ರಾಜಾ ವೆಂಕಟಪ್ಪ ನಾಯಕರ 1858ರ ಹೋರಾಟ, ಆಮೇಲೆ 1860ರಲ್ಲಿ ಸಂಸ್ಥಾನ ನಿಜಾಮರಿಗೆ ಸೇರಿದ್ದು ಎಲ್ಲಾ ನಡೆದಿದೆ. ಬೋನಾಳ ಸುತ್ತಿನ ಆರು ಹಳ್ಳಿ ತಿರುಗಿದೆ. ಏನೂ ಸಿಗಲಿಲ್ಲ.

ಆಗ ಅತ್ತಿಯೇ ದಾರಿ ತೋರಿಸಿದರು. “ಹೊಲ ಗಂಡಮಕ್ಕಳ ಮನ್ಯಾಗ ಉಳೀತದ ತಂಗಿ. ಭಾಂಡಿ ಹೆಣಮಕ್ಕಳ ಸಂಗಟ ಹೋಗ್ತಾವ. ಭಾಂಡಿ ಹುಡುಕು” ಅಂದರು. ನಾಲ್ಕು ವರ್ಷದಲ್ಲಿ ನಾನು ಕೇಳಿದ ಅತಿ ಒಳ್ಳೆಯ ಸಲಹೆ ಅದು. ಹೆಣ್ಣುಮಗಳನ್ನು ಕೊಟ್ಟಾಗ ಹಂಡೆ, ಕೊಡ, ಗಂಗಾಳದ ಮೇಲೆ ಹೆಸರು ಕೊರೆಸಿ ಕಳಿಸುತ್ತಿದ್ದರು. ಹಾಗಾಗಿ ಒಬ್ಬ ತಾಯಿಯ ಹೆಸರು ಹುಡುಕಬೇಕಾದರೆ ಅವಳ ಗಂಡುಮಕ್ಕಳ ಮನೆಗಲ್ಲ, ಹೆಣ್ಣುಮಕ್ಕಳನ್ನು ಕೊಟ್ಟ ಊರಿಗೆ ಹೋಗಬೇಕು. ಹಳೇ ಬೀಗರ ಊರುಗಳ ಪಟ್ಟಿ ಮಾಡಿ. ಪಂಚಮಿಗೆ ಯಾವ ಯಾವ ಊರಿಂದ ಹೆಣ್ಣುಮಕ್ಕಳು ಬರುತ್ತಿದ್ದರು ಅಂತ ಹಿರಿಯ ಹೆಂಗಸರನ್ನು ಕೇಳಿ, ಅವರಿಗೆ ಬಾಯಿಪಾಠ ಇರುತ್ತದೆ. ಹೋದ ಮನೆಯಲ್ಲಿ ಅಟ್ಟದ ಮೇಲಿನ, ಬಚ್ಚಲ ಮನೆಯ ತಾಮ್ರದ ಸಾಮಾನು ತೋರಿಸಿ ಅಂತ ಕೇಳಿಕೊಳ್ಳಿ. ಕಂಠದ ಕೆಳಗೆ, ತಳದ ಸುತ್ತ ಬೆರಳಾಡಿಸಿ ನೋಡಿ. ಚುಕ್ಕಿ ಹೊಡೆದ ಅಕ್ಷರ ಕಣ್ಣಿಗಿಂತ ಬೆರಳಿಗೆ ಬೇಗ ಸಿಗುತ್ತವೆ. ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ, ಅಕ್ಷರ ಸವೆಯುತ್ತದೆ. ಅಕ್ಕಿ ಹಿಟ್ಟು ಉದುರಿಸಿ ಬಟ್ಟೆಯಿಂದ ಒರೆಸಿದರೆ ಚುಕ್ಕಿಯೊಳಗೆ ಹಿಟ್ಟು ನಿಂತು ಅಕ್ಷರ ಬೆಳ್ಳಗೆ ಕಾಣುತ್ತದೆ.

ಐದನೇ ಊರು ಸೇಡಂ ಕಡೆಯದು. ಹಿರೇಮುತ್ಯಾನ ಕೊನೇ ಮಗಳನ್ನು ಕೊಟ್ಟ ಮನೆ. ಆ ಮನೆಯ ಸೊಸೆ ದನದ ಕೊಟ್ಟಿಗೆಯ ಮೂಲೆಯಿಂದ ಒಂದು ಹಂಡೆ ಎಳೆದು ತಂದಳು. ಹಿಂಡಿ ನೆನೆಹಾಕಲು ಇಟ್ಟುಕೊಂಡಿದ್ದರು. ಹಿಟ್ಟು ಉದುರಿಸಿದೆ. ಶಕ 1810, ಸರ್ವಧಾರಿ. ಅಂದರೆ 1888. ಆಮೇಲೆ ಮಗಳ ಹೆಸರು, ಅದರ ಮುಂದೆ ತಾಯಿಯ ಹೆಸರು. ಕೊಟ್ಟವಳು ಅಂತ ಅವಳದೇ ಹೆಸರು ಇತ್ತು, ಗಂಡನದಲ್ಲ. ಮುಂದೆ ತವರೂರಿನ ಹೆಸರು ಕೂಡ. ಅದು ನಾನು ತಿರುಗಿದ ಆರು ಹಳ್ಳಿಯಲ್ಲಿ ಒಂದು. ನಾನು ಅಲ್ಲಿ ಗಂಡನ ಹೆಸರು ಹೇಳಿ ಕೇಳಿದ್ದೆ, ಹಾಗಾಗಿ ಯಾರಿಗೂ ಗೊತ್ತಾಗಿರಲಿಲ್ಲ. ಅವಳ ಹೆಸರು ಹೇಳಿ ಮತ್ತೆ ಹೋದಾಗ ಎರಡನೇ ಮನೆಯಲ್ಲೇ, “ಹೌದವ್ವಾ, ಆಕಿ ನಮ್ಮ ಮನಿ ಮಗಳು” ಅಂದರು.

ಹಂಡೆ ಅವರದೇ, ನಾನು ಕೇಳಲಿಲ್ಲ. ಆದರೆ ಅದರಲ್ಲಿ ಇನ್ನು ಹಿಂಡಿ ನೆನೆಸುತ್ತಿಲ್ಲ ಅಂತ ಆ ಸೊಸೆ ಫೋನ್ ಮಾಡಿ ಹೇಳಿದಳು. ನಮ್ಮ ಹೆಳವ ಈ ಸುಗ್ಗಿಗೆ ಬರುವವನಿದ್ದಾನೆ. ಒಂದು ಚೀಲ ಬಿಳಿಜೋಳ, ಒಂದು ಜೊತೆ ಧೋತರ ತೆಗೆದಿಟ್ಟಿದ್ದೇನೆ. ಅವನು ಹೊತ್ತಿಗೆ ಬಿಚ್ಚಿದಾಗ ಹಿರೇಮುತ್ಯಾನ ಹೆಸರಿನ ಪಕ್ಕ ಅವಳ ಹೆಸರು ಬರೆಸಬೇಕು, ಅವನು ಎತ್ತಿನ ಮೇಲೆ ಕೂತು ಅದನ್ನು ಒಮ್ಮೆ ಜೋರಾಗಿ ಹೇಳುವುದನ್ನು ಕೇಳಬೇಕು.